ಬಲಗೈ ಪದ್ಧತಿ

ಓದುತ್ತಿರುವ ಪುಟ ಮುಗಿದು ಮುಂದಿನ ಪುಟಕ್ಕೆ ಹೋಗಬೇಕಾದಾಗ ಮನುಷ್ಯನು ಯಾವ ಕೈಯ ಯಾವ ಬೆರಳಿನಿಂದ ಯಾವ ಕೀಲಿಯನ್ನು ಒತ್ತತಕ್ಕದ್ದು ಎಂಬುದು ಸಣ್ಣ ಪ್ರಶ್ನೆಯಲ್ಲ. ರಾಯಚೂರಿನಲ್ಲಿ ಈ ಪ್ರಶ್ನೆ ೧೯೮೮ರ ದಸರೆಗೆ ಎದ್ದು ಮರುವರ್ಷದ ಯುಗಾದಿ ಕಳೆದರೂ ಇತ್ಯರ್ಥವಾಗಲಿಲ್ಲ. ಅದರ ಸಲುವಾಗಿ ಮೂರು ಸುತ್ತೋಲೆಗಳು ಹೊರಟವು. ಒಂದು ಕೀಬೋರ್ಡು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಪ್ರಯಾಣ ಮಾಡಿತು. ತಿಳಿದವರು ಇಂಥದ್ದನ್ನೆಲ್ಲ ಬರೆದಿಡುವುದಿಲ್ಲವಾದ್ದರಿಂದ ಇಲ್ಲಿ ಬರೆಯಬೇಕಾಯಿತು.

ಕೃಷ್ಣಾತೀರ ಬೀಜ ಮಂಡಳಿಯ ಕೆಲಸ ಇಷ್ಟೇ. ರೈತರು ತಾವು ಬೆಳೆದ ಹತ್ತಿ ಬೀಜದ ಮಾದರಿಯನ್ನು ಚೀಟಿ ಹಚ್ಚಿದ ಸಣ್ಣ ಚೀಲದಲ್ಲಿ ತಂದು ಕೊಡುವರು. ಅದು ಪರೀಕ್ಷೆಗೆ ಹೋಗುವುದು. ಎಷ್ಟು ಮೊಳಕೆ ಬಂತು, ಬೀಜ ಪಾಸೋ ಫೇಲೋ ಎಂಬ ಪಟ್ಟಿ ವಾರಕ್ಕೊಮ್ಮೆ ಬೆಂಗಳೂರಿನಿಂದ ಫ್ಲಾಪಿಯಲ್ಲಿ ಬರುವುದು. ರಾಯಚೂರು, ಮಾನ್ವಿ, ದೇವದುರ್ಗ ಈ ಮೂರು ಕಚೇರಿಗಳಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟಿದ್ದರು. ಕಿಟಕಿಗೆ ಬಂದ ರೈತ ತನ್ನ ಚೀಟಿಯ ನಂಬರು ಹೇಳಿದರೆ, ಒಳಗೆ ಕೂತವರು ನಾಲ್ಕು ಸಾವಿರ ಸಾಲಿನ ಪಟ್ಟಿಯಲ್ಲಿ ಅವನನ್ನು ಹುಡುಕಿ ಹೇಳಬೇಕು.

ಪಟ್ಟಿ ನೋಡುವುದಕ್ಕೆ ಇದ್ದ ಪ್ರೋಗ್ರಾಮಿನ ಹೆಸರು ಲೆಸ್. ಅದು ತೋರಿಸುತ್ತಿತ್ತು, ಅಷ್ಟೇ; ಅದರೊಳಗಿಂದ ಒಂದು ಅಕ್ಷರವನ್ನೂ ಯಾರೂ ತಿದ್ದುವಂತಿರಲಿಲ್ಲ. ಗುಮಾಸ್ತರ ಕೈಗೆ ಕೊಡಲು ಇದಕ್ಕಿಂತ ಯೋಗ್ಯವಾದದ್ದು ಇನ್ನೊಂದಿಲ್ಲವೆಂದು ಮಂಡಳಿಯ ಹಿರಿಯರಿಗೆ ಬಹಳ ಸಮಾಧಾನವಾಗಿತ್ತು. ಕೀಬೋರ್ಡಿನ ಕೆಳಗಿನ ಉದ್ದ ಕೀಲಿ ಒತ್ತಿದರೆ ಮುಂದಿನ ಪುಟ, ಬಿ ಒತ್ತಿದರೆ ಹಿಂದಿನದು, ಕ್ಯೂ ಒತ್ತಿದರೆ ಹೊರಗೆ.

ರಾಯಚೂರು ಕಚೇರಿಯ ವ್ಯವಸ್ಥಾಪಕ ವಿಠ್ಠಲರಾಯರಿಗೆ ಈ ಬಿ ಮತ್ತು ಕ್ಯೂ ಒಪ್ಪಿಗೆಯಾಗಲಿಲ್ಲ. ಎರಡೂ ಎಡಗೈ ಕಡೆ ಇದ್ದವು. ರಾಯರು ಇಪ್ಪತ್ತಾರು ವರ್ಷ ಟೈಪ್‌ರೈಟರಿನ ಮುಂದೆ ಕೂತವರು. ಅಲ್ಲಿ ಎರಡೂ ಕೈ ಬಳಸಿದ್ದರಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು.

"ಅದು ಬರಿಯೋದು. ಇದು ಓದೋದು. ಪುಸ್ತಕದ ಹಾಳಿ ಎಡಗೈಲೆ ತಿರುವಿದವರನ್ನ ನಮ್ಮ ಮನ್ಯಾಗ ಊಟಕ್ಕ ಕರಿಯೂದಿಲ್ಲ."

"ಬಲಗೈನೇ ಆ ಕಡೆ ಒಯ್ಯಬಹುದಲ್ರೀ ಸರ್?" ಎಂದು ಕೇಳಿದವಳು ಕಂಪ್ಯೂಟರ್ ಆಪರೇಟರ್ ಶೇಖಮ್ಮ.

"ಎಲಿ ಮುಂದ ಕೂತು ಬಾಜೂದವನ ಎಲ್ಯಾಗ ಕೈ ಹಾಕಿದಂಗ ಆಗ್ತದ."

"ಮುಂದಿನ ಪುಟಕ್ಕ ಉದ್ದಂದು ಬಟನ್ ನಡುವ ಅದ ಅಲ್ರೀ."

"ಅದು ಎರಡೂ ಕೈಗೆ ಸೇರಿದ್ದು. ಯಾವ ಹೆಬ್ಬಟ್ಟು ಯಾವಾಗ ಬೀಳ್ತದ ಯಾರಿಗೆ ಗೊತ್ತು? ನನಗ ಎಲ್ಲಾ ಬಲಗಡೀಗೆ ಬೇಕು. ನೋಡು, ಏನಾದ್ರೂ ಮಾಡು."

ಶೇಖಮ್ಮ ದೇವದುರ್ಗದವಳು. ಅಪ್ಪ ಬೂದೆಪ್ಪ ಕಾಲುವೆ ಕೆಲಸಕ್ಕೆ ಕಲ್ಲು ಒಡೆಯುತ್ತಿದ್ದವನು. ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಮಂಡಳಿಯಲ್ಲಿ ದಿನಗೂಲಿಯ ಮೇಲೆ ಇದ್ದಳು. ಕಂಪ್ಯೂಟರ್ ಜೊತೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಆಯುಧ ಪೂಜೆಯ ದಿನ ಎಲ್ಲರೂ ಸೇರಿ ಪೂಜಿಸಿದ್ದರು. ಓದಿದವಳು ಅವಳೊಬ್ಬಳೇ, ಅದೂ ಕುಂಕುಮಕ್ಕೆ ಅಂಟಿಕೊಂಡ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸಿಕೊಂಡು. ಅದರಲ್ಲಿ ಒಂದು ಕಡೆ ಬರೆದಿತ್ತು: ಸಣ್ಣದೊಂದು ಫೈಲಿನಲ್ಲಿ ಎಡಕ್ಕೆ ಕೀಲಿಯ ಹೆಸರು, ಬಲಕ್ಕೆ ಅದು ಮಾಡಬೇಕಾದ ಕೆಲಸ ಬರೆದು ಕಂಪ್ಯೂಟರಿಗೆ ಒಪ್ಪಿಸಿದರೆ ಲೆಸ್ ಆಮೇಲೆ ಆ ಪ್ರಕಾರವೇ ನಡೆಯುತ್ತದೆ. ಯಾವ ಕೀಲಿಯನ್ನು ಯಾವ ಕೆಲಸಕ್ಕೆ ಬೇಕಾದರೂ ಹಚ್ಚಬಹುದು.

ಅವಳು ಒಂದು ಮಧ್ಯಾಹ್ನ ಕೂತು ಯೋಚಿಸಿದಳು. ಮುಂದೆ ಎನ್ನುವುದಕ್ಕೆ ಎಂ. ಹಿಂದೆಗೆ ಎಚ್. ಕೊನೆಯ ಪುಟಕ್ಕೆ ಕೆ. ನಿಲ್ಲಿಸುವುದಕ್ಕೆ ಎನ್. ನೋಡಿದರೆ ನಾಲ್ಕೂ ಬಲಗೈ ಕಡೆಗೇ ಇದ್ದವು. ರಾಯರ ಮಡಿಯೂ ಉಳಿಯಿತು, ಇಂಗ್ಲಿಷ್ ಬಾರದವರಿಗೂ ನೆನಪಿನಲ್ಲಿ ಇಟ್ಟುಕೊಳ್ಳಲು ಸುಲಭವಾಯಿತು. ಎರಡನೆಯದು ಅವಳಿಗೆ ಹೆಚ್ಚು ಸಂತೋಷ ಕೊಟ್ಟಿತು. ಫೈಲು ಬರೆದು, ರಾಯರ ಹೆಸರಿನ ಲಾಗಿನ್ನಿಗೆ ಹಚ್ಚಿ, ಕೆಲಸ ಮುಗಿಯಿತೆಂದು ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ಎರಡು ಏಟು ಬಡಿದಳು. ಒಳಗೆ ಸೇರಿದ್ದ ಮಂಡಾಳ ಒಗ್ಗರಣೆಯ ಮಂಡಕ್ಕಿ ಉದುರಿತು.

ರಾಯರು ಒಳಗೆ ಬಂದದ್ದು ಆಗಲೇ.

ಅವರ ಕಾಲದಲ್ಲಿ ಟೈಪ್‌ರೈಟರಿನ ಅಕ್ಷರ ಬದಲಿಸಬೇಕಾದರೆ ಹೈದರಾಬಾದಿನಿಂದ ಮಿಸ್ತ್ರಿ ಬಂದು, ಮಷೀನು ಬೋರಲು ಹಾಕಿ, ಹಳೆಯ ಅಚ್ಚು ಕಿತ್ತು ಹೊಸದನ್ನು ಬೆಸೆದು ಹೋಗುತ್ತಿದ್ದ. ಬೋರಲಾದ ಕೀಬೋರ್ಡನ್ನೂ ಶೇಖಮ್ಮನ ಏಟುಗಳನ್ನೂ ನೋಡಿದ ರಾಯರಿಗೆ ಎಲ್ಲವೂ ತಾನಾಗಿಯೇ ಅರ್ಥವಾಯಿತು.

"ಆತೇನು?"

"ಆತ್ರೀ ಸರ್. ಎಂ ಅಂದ್ರ ಮುಂದೆ, ಎಚ್ ಅಂದ್ರ ಹಿಂದೆ."

"ಗಟ್ಟಿ ಕೂತಾವಿಲ್ಲೋ?"

ಶೇಖಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. "ಗಟ್ಟಿ ಅವರೀ," ಎಂದಳು. ಆಗ ಅದರಲ್ಲಿ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ, ಊಟದ ಹೊತ್ತಾಗಿತ್ತು.

ಅಂದಿನಿಂದ ಆ ಕೀಬೋರ್ಡನ್ನು ಬೇರೆ ಯಾರೂ ಬಳಸಬಾರದೆಂದಾಯಿತು. ರಾಯರು ಅದರ ನಾಲ್ಕು ಕೀಲಿಗಳಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟರು, ಸಂಜೆ ಹಳೆಯ ರೇಶ್ಮೆ ಮಡಿಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಶೇಖಮ್ಮನಿಗೆ ಇನ್ನೊಂದು ಕೀಬೋರ್ಡು ಬಂತು. ಬೆಳಿಗ್ಗೆ ಒಂದನ್ನು ಬಿಚ್ಚಿ ಇನ್ನೊಂದನ್ನು ಹಚ್ಚುವುದು ಜವಾನನ ಕೆಲಸ. ರಾಯರದ್ದನ್ನು ಮುಟ್ಟುವ ಮೊದಲು ಅವನು ಕೈ ತೊಳೆಯಬೇಕು. ಶೇಖಮ್ಮ ಕೈ ತೊಳೆದರೂ ನಡೆಯುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೊದಲನೆಯ ಸುತ್ತೋಲೆ ಡಿಸೆಂಬರಿನಲ್ಲಿ ಹೊರಟಿತು. 'ಈ ಕಚೇರಿಯ ವ್ಯವಸ್ಥಾಪಕರು ದೀರ್ಘ ಚಿಂತನೆಯಿಂದ ರೂಪಿಸಿದ ಬಲಗೈ ಪದ್ಧತಿ' ಎಂದು ಆರಂಭವಾಗಿತ್ತು. ಎರಡನೆಯದರಲ್ಲಿ ಅದು 'ವಿಠ್ಠಲ ಪದ್ಧತಿ' ಆಯಿತು. ಬೆಂಗಳೂರಿನವರು ಮೆಚ್ಚಿ ಉತ್ತರ ಬರೆದರು: ಪದ್ಧತಿ ಉಪಯುಕ್ತವೆಂದು ಕಂಡುಬಂದರೆ ಮೂರೂ ಕಚೇರಿಗಳಿಗೆ ಅದನ್ನು ಕಲಿಸಲು ಒಂದು ಕಾಯಂ ಹುದ್ದೆ ಮಂಜೂರು ಮಾಡಲಾಗುವುದು, ರೂಪಿಸುವಲ್ಲಿ ಕೆಲಸ ಮಾಡಿದವರ ಹೆಸರನ್ನು ಶಿಫಾರಸು ಮಾಡತಕ್ಕದ್ದು. ರಾಯರು ಶಿಫಾರಸು ಮಾಡಿದರು. ಅವರ ತಂಗಿಯ ಮಗನೊಬ್ಬ ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದ. ಆ ಹುಡುಗ ಕಂಪ್ಯೂಟರನ್ನು ನೋಡಿದ್ದು ಆಯುಧ ಪೂಜೆಯ ಪ್ರಸಾದಕ್ಕೆ ಬಂದಾಗ.

ಶೇಖಮ್ಮ ರಾಯರ ಮೇಜಿನ ಮುಂದೆ ಹೋಗಿ ನಿಂತಳು.

"ಸರ್, ಆ ನೌಕರಿಗೆ ನನ್ನ ಹೆಸರು ಕಳಸ್ತೀರಿ ಅಂದ್ಕೊಂಡಿದ್ದೆ."

"ನಿನ್ನ ಹೆಸರು ಯಾಕ?"

"ಮಾಡಿದಾಕಿ ನಾನಲ್ರೀ?"

ರಾಯರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ತಿಳಿಸಿ ಹೇಳುವ ದನಿಯೇ ಇತ್ತು. "ಹೇಳಿದಾಂವ ನಾನು, ಒತ್ತಿದಾಕಿ ನೀನು. ನಿಮ್ಮಪ್ಪ ಕಾಲಿವಿಗೆ ಕಲ್ಲು ಒಡದಾನಲ್ಲ, ಕಾಲಿವಿ ಅವಂದೇನು?"

ಕೋಣೆಯಲ್ಲಿ ಇನ್ನಿಬ್ಬರು ಗುಮಾಸ್ತರಿದ್ದರು. ಒಬ್ಬ ನಕ್ಕ. ಇನ್ನೊಬ್ಬ ನಕ್ಕವನನ್ನು ನೋಡಿ ನಕ್ಕ.

ಮೂರನೆಯ ಸುತ್ತೋಲೆಯ ಜೊತೆಗೇ ಆದೇಶ ಬಂತು: ಶೇಖಮ್ಮ ಸೋಮವಾರದಿಂದ ಮಾನ್ವಿ ಶಾಖೆಯಲ್ಲಿ ಕೆಲಸ ಮಾಡುವುದು, ದಿನಗೂಲಿಯ ಮೇಲೆಯೇ.

ಮಾನ್ವಿಯಲ್ಲಿ ಶಾಖೆ ಎಂದರೆ ಒಂದು ಕೋಣೆ, ಒಂದು ಕಂಪ್ಯೂಟರ್, ಮತ್ತು ಸತ್ತಾರ್ ಸಾಬ್ ಎಂಬ ಜವಾನ. ಸತ್ತಾರ್ ಸಾಬನಿಗೆ ಅರವತ್ತು ದಾಟಿದೆಯೆಂದು ಊರೆಲ್ಲ ಹೇಳುತ್ತಿತ್ತು, ಐವತ್ತಾರೆಂದು ದಾಖಲೆ ಹೇಳುತ್ತಿತ್ತು. ಶೇಖಮ್ಮ ಬಂದ ದಿನವೇ ಇಲ್ಲಿಯ ಕಂಪ್ಯೂಟರಿಗೂ ತನ್ನ ಫೈಲು ಬರೆದು ಹಾಕಿದಳು. ಹದಿನೈದು ದಿನದಲ್ಲಿ ಸತ್ತಾರ್ ಸಾಬ್ ಮೂರು ಇಂಗ್ಲಿಷ್ ಅಕ್ಷರ ಗುರುತು ಹಿಡಿದು ಪಟ್ಟಿ ತಿರುವಲು ಕಲಿತ. ಅವಳು ಊಟಕ್ಕೆ ಹೋದಾಗ ಕಿಟಕಿಗೆ ಬಂದ ರೈತರಿಗೆ ಅವನೇ ನಂಬರು ನೋಡಿ ಹೇಳುವನು. "ಮುಂದೆ... ಮುಂದೆ... ಅರೇ, ದಾಟಿ ಹೋತು, ಹಿಂದೆ," ಎಂದು ಎತ್ತು ಹೊಡೆಯುವವನಂತೆ ಅವನು ಬಾಯಲ್ಲಿ ಹೇಳುತ್ತ ಒತ್ತುವುದು ರಸ್ತೆಗೆ ಕೇಳುತ್ತಿತ್ತು. ಶೇಖಮ್ಮ ಬೇಕೆಂದೇ ಹತ್ತು ನಿಮಿಷ ತಡವಾಗಿ ಬರುತ್ತಿದ್ದಳು.

ಏಪ್ರಿಲ್ ಮೊದಲ ವಾರ ರಾಯಚೂರಿನಿಂದ ಪತ್ರ ಬಂತು. ಬೆಂಗಳೂರಿನ ಜಂಟಿ ನಿರ್ದೇಶಕರು ವಿಠ್ಠಲ ಪದ್ಧತಿಯನ್ನು ಖುದ್ದಾಗಿ ನೋಡಲು ಗುರುವಾರ ಬರಲಿದ್ದಾರೆ. ಪದ್ಧತಿ ಎಲ್ಲ ಶಾಖೆಗೂ ಹೊಂದುತ್ತದೆಂದು ತೋರಿಸಲು ಪ್ರದರ್ಶನವನ್ನು ಮಾನ್ವಿಯಲ್ಲಿ ಇಡಲಾಗಿದೆ. ರಾಯರು ಖುದ್ದಾಗಿ ಮಾಡಿ ತೋರಿಸುವರು. ಕೊನೆಯ ಸಾಲು ಹೀಗಿತ್ತು: 'ಪರಿಷ್ಕರಿಸಿದ ಕೀಬೋರ್ಡನ್ನು ಈ ಕಚೇರಿಯಿಂದಲೇ ತರಲಾಗುವುದು. ಅಲ್ಲಿಯದನ್ನು ಬಿಚ್ಚಿ ಬದಿಗೆ ಇಡತಕ್ಕದ್ದು.'

ಶೇಖಮ್ಮ ಆ ಸಾಲನ್ನು ಎರಡು ಸಲ ಓದಿದಳು. ಅನಂತರ ಪತ್ರವನ್ನು ಮೇಜಿನ ಮೇಲಿಟ್ಟು ನಗತೊಡಗಿದಳು. ಸತ್ತಾರ್ ಸಾಬ್ ನೀರಿನ ಲೋಟ ಹಿಡಿದು ಓಡಿ ಬಂದ.

"ಏನಾತು ಬೇಟಿ?"

"ರಾಯರು ಕೀಬೋರ್ಡ್ ತರ್ತಾರಂತ ಚಾಚಾ. ರಾಯಚೂರಿಂದ. ನಾ ಮಾಡಿದ್ದೆಲ್ಲಾ ಅದರ ಹೊಟ್ಯಾಗ ಅದ ಅಂತ ತಿಳದಾರ."

"ಇಲ್ಲೇನು?"

"ಇಲ್ಲ. ಕಂಪ್ಯೂಟರ್‌ನಾಗ ಅದ, ಫೈಲಿನಾಗ. ಕೀಬೋರ್ಡ್ ಯಾವುದು ಹಚ್ಚಿದರೂ ಅಷ್ಟೇ."

"ಹಂಗಾದ್ರ ನಮ್ಮ ಕಂಪ್ಯೂಟರ್‌ನಾಗೂ ನಿನ್ನ ಫೈಲು ಅದಲ್ಲ? ರಾಯರು ಯಾವುದು ತಂದ್ರೂ ಇಲ್ಲಿ ನಡೀತದ."

ಶೇಖಮ್ಮನ ನಗು ಅಲ್ಲಿಗೇ ನಿಂತಿತು. ಸತ್ತಾರ್ ಸಾಬ್ ಹೇಳಿದ್ದು ಸರಿಯಾಗಿತ್ತು. ರಾಯರು ಚುಕ್ಕೆಯ ಕೀಬೋರ್ಡು ತಂದು ಹಚ್ಚುವರು, ಎಂ ಒತ್ತುವರು, ಪುಟ ಮುಂದೆ ಹೋಗುವುದು. ಪುಟವನ್ನು ಮುಂದೆ ಕಳಿಸುವುದು ಅವಳ ಫೈಲೇ. ಬೆಂಗಳೂರಿನವರು ರಾಯರ ಕೈ ಕುಲುಕುವರು, ತಂಗಿಯ ಮಗ ಕಾಯಂ ಆಗುವನು. ಅವಳು ಒಂದು ಬೆರಳೂ ಎತ್ತದೆ ಅವರನ್ನು ಗೆಲ್ಲಿಸಿದಂತಾಗುವುದು.

ಮೂರು ದಿನ ಅವಳು ಆ ವಿಷಯ ಎತ್ತಲಿಲ್ಲ. ರಾಯಚೂರಿಗೆ ಫೋನ್ ಮಾಡಿ ಒಂದು ಮಾತು ಹೇಳಿದ್ದರೆ ರಾಯರು ಎಚ್ಚರವಾಗುತ್ತಿದ್ದರು. ಫೋನು ಮೇಜಿನ ಮೇಲೆಯೇ ಇತ್ತು. ಬುಧವಾರ ಸಂಜೆ ಅದನ್ನು ಒರೆಸಿ ಇಟ್ಟಳು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಬಂದು ಕಂಪ್ಯೂಟರ್ ಹಚ್ಚಿ ತನ್ನ ಫೈಲನ್ನು ಅಳಿಸಿದಳು. ಅದನ್ನು ಬರೆಯಲು ಎರಡು ನಿಮಿಷ ಹಿಡಿದಿತ್ತು; ಅಳಿಸಲು ಅಷ್ಟೂ ಬೇಕಾಗಲಿಲ್ಲ. ಕಸ ಗುಡಿಸುತ್ತಿದ್ದ ಸತ್ತಾರ್ ಸಾಬ್ ಕಸಬರಿಗೆ ಹಿಡಿದೇ ಬಂದು ಬಗ್ಗಿ ನೋಡಿದ. ಎಂ ಒತ್ತಿದ. ಪುಟ ಕದಲಲಿಲ್ಲ.

"ನನ್ನ ಮುಂದೆ-ಹಿಂದೆನೂ ಹೋತಲ್ಲ ಬೇಟಿ."

"ಹೋತು ಚಾಚಾ."

"ಹೊಳ್ಳಿ ಹಾಕ್ತೀ ಇಲ್ಲ?"

"ಇವತ್ತು ಹಾಕಂಗಿಲ್ಲ."

"ಅವರು ನಿನಗ ಏನರ ಅಂದಿದ್ರೇನು?"

ಶೇಖಮ್ಮ ಹಳೆಯ ಕೀಬೋರ್ಡಿನ ತಂತಿ ಬಿಚ್ಚುತ್ತಿದ್ದಳು. "ನನಗ ಅಂದಿದ್ರ ಬಿಡ್ತಿದ್ದೆ," ಎಂದಳು.

ರಾಯರು ಒಂಬತ್ತರ ಬಸ್ಸಿಗೆ ಹೊರಟಿದ್ದರು. ರೇಶ್ಮೆ ಸುತ್ತಿದ ಕೀಬೋರ್ಡಿಗೆ ಕಿಟಕಿ ಪಕ್ಕದ ಜಾಗ ಕೊಟ್ಟು ತಾವು ಈಚೆ ಕೂತಿದ್ದರು. ಕಲ್ಲೂರಿನಲ್ಲಿ ಹತ್ತಿದ ಗದ್ದೆಪ್ಪ ಎಂಬ ರೈತ ಸೀಟು ಹುಡುಕುತ್ತ ಬಂದು ಆ ಗಂಟನ್ನು ನೋಡಿದ.

"ಯಪ್ಪಾ, ಇದನ್ನ ತೊಡಿ ಮ್ಯಾಲ ಇಟ್ಕೋರಿ, ನಾ ಕುಂದರ್ತೀನಿ. ಏನದರೀ, ಹಾರ್ಮೋನಿಯಂ?"

"ಕೀಬೋರ್ಡು."

"ಬಾರಸ್ತೀರೇನ್ರೀ?"

"ಮಾನ್ವ್ಯಾಗ ಇವತ್ತ ಬಾರಸ್ಲಿಕ್ಕೇ ಹೊಂಟೀನಿ," ಎಂದರು ರಾಯರು. ಅಂದು ಅವರು ಒಳ್ಳೆಯ ಲಹರಿಯಲ್ಲಿದ್ದರು. ಗದ್ದೆಪ್ಪ ಹೋಗುತ್ತಿರುವುದೂ ಬೀಜ ಮಂಡಳಿಗೇ ಎಂದು ತಿಳಿದು, "ನಿನ್ನ ಬೀಜಾನೇ ಮೊದಲು ನೋಡೋಣು ಬಾ, ದೊಡ್ಡ ಸಾಹೇಬರ ಮುಂದ," ಎಂದು ಅವನನ್ನೂ ಕರೆದುಕೊಂಡು ಬಂದರು.

ಜಂಟಿ ನಿರ್ದೇಶಕರು ಆಗಲೇ ಬಂದು ಕೂತಿದ್ದರು. ತೆಳ್ಳಗಿನ ಮನುಷ್ಯ. ಸತ್ತಾರ್ ಸಾಬ್ ತಂದ ಚಹಾದಲ್ಲಿ ಅರ್ಧ ಕುಡಿದು ಅರ್ಧ ಬಿಟ್ಟಿದ್ದರು. ರಾಯರು ಕೈಕಾಲು ತೊಳೆದು ಬಂದು, ಗಂಟು ಬಿಚ್ಚಿ, ಕೀಬೋರ್ಡನ್ನು ತಾವೇ ಹಚ್ಚಿದರು. ಶೇಖಮ್ಮನನ್ನು ಗೋಡೆಯ ಹತ್ತಿರ ನಿಲ್ಲಲು ಹೇಳಿದರು. ಕಂಪ್ಯೂಟರಿನಲ್ಲಿ ಪಟ್ಟಿಯ ಮೊದಲ ಪುಟ ತೆರೆದಿತ್ತು.

"ಎಡಗೈ ನೋಡ್ರಿ ಸರ್, ತೊಡಿ ಮ್ಯಾಲ ಅದ. ಇಲ್ಲಿಂದ ಏಳೂದಿಲ್ಲ. ಈಗ ಮುಂದಿನ ಪುಟ."

ಎಂ ಒತ್ತಿದರು. ಪುಟ ಹಾಗೆಯೇ ಇತ್ತು. ಗುರುತಿಗೆ ಯಾವ ಅಕ್ಷರ ಇಡಬೇಕೆಂದು ಕೇಳುವ ಇಂಗ್ಲಿಷ್ ಪದವೊಂದು ಕೆಳಗಿನ ಮೂಲೆಯಲ್ಲಿ ಕಾಣಿಸಿತು. ಮತ್ತೊಮ್ಮೆ ಎಂ ಒತ್ತಿದರು. ಗುರುತು ಬಿತ್ತು, ಪುಟ ಕದಲಲಿಲ್ಲ.

"ಬಂತೇನ್ರೀ ನನ್ನ ಹೆಸರು?" ಎಂದ ಗದ್ದೆಪ್ಪ, ಕಿಟಕಿಯ ಸರಳಿಗೆ ಮುಖ ಒತ್ತಿ.

"ತಡಿ. ಒಮ್ಮೆ ಹಿಂದ ಹೋಗಿ ಬರೋಣು."

ಎಚ್ ಒತ್ತಿದರು. ಪಟ್ಟಿಯೇ ಮಾಯವಾಯಿತು. ಪ್ರೋಗ್ರಾಮನ್ನು ಬಳಸುವುದು ಹೇಗೆಂದು ತಿಳಿಸುವ ಇಂಗ್ಲಿಷ್ ಪುಟವೊಂದು ಪರದೆಯ ತುಂಬ ನಿಂತಿತು. ಅದರಿಂದ ಹೊರಬರಲು ಎನ್ ಒತ್ತಿದರು, ಅದು ಹೋಗಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ನಾಲ್ಕು ಕೆಂಪು ಚುಕ್ಕೆಗಳನ್ನೂ ಸಾಲಾಗಿ, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಒತ್ತಿದರು.

"ನೀವು ಇದನ್ನೇ ಬಾರಸ್ತೀನಿ ಅಂದಿದ್ರೇನ್ರೀ?" ಎಂದ ಗದ್ದೆಪ್ಪ.

"ಬಸ್ಸಿನ ಕುಲುಕಾಟಕ್ಕ ಒಳಗ ಸಡಲ್ಯಾವ," ಎಂದು ರಾಯರು ಕೀಬೋರ್ಡನ್ನು ಎತ್ತಿ ಬೋರಲು ಹಾಕಿ ಬೆನ್ನಿಗೆ ಬಡಿದರು. ಏನೂ ಉದುರಲಿಲ್ಲ. ಅವರ ಕೀಬೋರ್ಡು ಅಷ್ಟು ಚೊಕ್ಕಟವಾಗಿತ್ತು.

ಜಂಟಿ ನಿರ್ದೇಶಕರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ರಾಯರೇ, ನೀವು ಬದಲಾವಣೆ ಮಾಡಿದ್ದು ಎಲ್ಲಿ?"

"ಇದರಾಗರೀ ಸರ್. ಒಳಗ."

"ಕೀಬೋರ್ಡಿನ ಒಳಗಾ?"

"ಹೌದ್ರೀ. ಬೆಸದದ್ದು."

ನಿರ್ದೇಶಕರು ಕಂಪ್ಯೂಟರಿನ ಕಡೆ ಬೆರಳು ತೋರಿಸಿದರು. "ಅದು ಕೀಬೋರ್ಡಿನಲ್ಲಿ ಇರೋದಿಲ್ಲ. ಕಂಪ್ಯೂಟರಿನಲ್ಲಿ ಒಂದು ಫೈಲಿನಲ್ಲಿ ಇರುತ್ತೆ. ನಿಮ್ಮ ಪದ್ಧತಿ ಎಲ್ಲಿರುತ್ತೆ ಅಂತ ನಿಮಗೆ ಗೊತ್ತಿಲ್ಲವಾ?"

ರಾಯರ ಕತ್ತು ಕೆಂಪಾಯಿತು. ಗೋಡೆಯ ಕಡೆ ತಿರುಗಿದರು. ಮೊದಲು ಸಿಟ್ಟಿತ್ತು, ಅದು ಅರ್ಧಕ್ಕೇ ಬೇರೆ ದನಿಯಾಯಿತು. "ಏ ಶೇಖಮ್ಮಾ! ಆ ಫೈಲು ಹಾಕು. ಸುಮ್ಮ ಯಾಕ ನಿಂತೀ? ಹಾಕವ್ವಾ... ಸರ್, ಆಕಿಗೆ ಗೊತ್ತದ. ಮಾಡಿದಾಕಿ ಆಕೀನೇರೀ. ಮೊದಲಿಂದ ಕಡೀತನಕ ಆಕೀನೇ ಮಾಡ್ಯಾಳ."

ಸತ್ತಾರ್ ಸಾಬ್ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ. ಹೂಂ ಅನ್ನು, ಹೂಂ ಅನ್ನು ಎಂದು ಹುಬ್ಬಿನಲ್ಲೇ ಸನ್ನೆ ಮಾಡುತ್ತಿದ್ದ.

"ಹೌದೇನಮ್ಮ?" ಎಂದರು ನಿರ್ದೇಶಕರು. "ಇದನ್ನು ಮಾಡಿದ್ದು ನೀವಾ? ನೀವಾಗಿದ್ದರೆ ಈಗಲೇ ಹಾಕಿ ತೋರಿಸಿ. ಹುದ್ದೆ ಇನ್ನೂ ಖಾಲಿ ಇದೆ."

ನಾಲ್ಕು ಸಾಲು. ಎರಡು ನಿಮಿಷ. ಶೇಖಮ್ಮ ಕಂಪ್ಯೂಟರಿನ ಕಡೆ ಹೋಗಲಿಲ್ಲ. ಕಪಾಟು ತೆರೆದು ಒಂದು ಕಡತ ತೆಗೆದಳು. ಅದರಲ್ಲಿ ಮೂರು ಸುತ್ತೋಲೆಗಳಿದ್ದವು, ತಾರೀಖಿನ ಪ್ರಕಾರ ಪೋಣಿಸಿ. ಅದನ್ನು ನಿರ್ದೇಶಕರ ಮುಂದೆ ಬಿಚ್ಚಿಟ್ಟಳು.

"ಇದರಾಗ ನನ್ನ ಹೆಸರು ಎಲ್ಲೆರ ಅದೇನು ನೋಡ್ರಿ ಸರ್."

ನಿರ್ದೇಶಕರು ಮೂರನ್ನೂ ಓದಿದರು. ಮೂರನೆಯದಕ್ಕೆ ಲಗತ್ತಾಗಿ ಬಂದಿದ್ದ ಶಿಫಾರಸಿನ ನಕಲನ್ನೂ ಓದಿದರು. "ಇಲ್ಲ," ಎಂದರು.

"ರಾಯರು ಸಹಿ ಮಾಡಿ ಬರದಾರ್ರೀ, ದೀರ್ಘ ಚಿಂತನೆ ಮಾಡಿ ತಾವೇ ಮಾಡೀನಿ ಅಂತ. ಅಷ್ಟು ದೊಡ್ಡವರು ಸುಳ್ಳು ಬರಿಯಂಗಿಲ್ಲ. ನನಗ ಏನೂ ಗೊತ್ತಿಲ್ರೀ."

"ಶೇಖಮ್ಮಾ!" ಎಂದರು ರಾಯರು. ಅವರ ಎಡಗೈ ತೊಡೆಯಿಂದ ಎದ್ದು ಮೇಜಿನ ಅಂಚನ್ನು ಹಿಡಿದಿತ್ತು. "ನಾ ಹೇಳ್ಲಿಕ್ಕತ್ತೀನಲ್ಲ ಈಗ, ನೀನೇ ಮಾಡೀ ಅಂತ!"

"ಈಗ ಹೇಳಾಕತ್ತೀರಿ. ಬರದು ಕೊಟ್ಟಿಲ್ಲಲ್ರೀ."

ನಿರ್ದೇಶಕರು ಇಬ್ಬರ ಮುಖವನ್ನೂ ನೋಡಿ, ಕಡತವನ್ನು ಮುಚ್ಚಿದರು. ಜೇಬಿನಿಂದ ಪೆನ್ನು ತೆಗೆದು ತಮ್ಮ ಡೈರಿಯಲ್ಲಿ ನಾಲ್ಕು ಸಾಲು ಬರೆದುಕೊಂಡರು. ರಾಯರು ಕೂತಲ್ಲಿಂದಲೇ ಆ ಸಾಲುಗಳನ್ನು ತಲೆಕೆಳಗಾಗಿ ಓದಲು ಪ್ರಯತ್ನಿಸಿದರು.

"ನಂದು ಏನಾತ್ರೀ ಯಪ್ಪಾ?" ಎಂದು ಗದ್ದೆಪ್ಪ ಕಿಟಕಿಯಿಂದ ಕೂಗಿದ. "ನನ್ನ ಬೀಜ ಪಾಸೋ ಫೇಲೋ ಅದನ್ನರ ಹೇಳ್ರಿ, ಹನ್ನೆರಡರ ಬಸ್ಸು ಹೋಗ್ತದ."

ಶೇಖಮ್ಮ ರಾಯರ ಕೀಬೋರ್ಡಿನ ತಂತಿಯನ್ನು ಬಿಚ್ಚಿ ಅವರ ಕೈಗೆ ಕೊಟ್ಟಳು. ಅವಳು ಅದನ್ನು ಎರಡೂ ಕೈಯಿಂದ ಹಿಡಿದಿದ್ದಳು. ರಾಯರು ತೆಗೆದುಕೊಂಡರು, ಬೇರೆ ದಾರಿ ಇರಲಿಲ್ಲ. ಶೇಖಮ್ಮ ತನ್ನ ಹಳೆಯದನ್ನು ಹಚ್ಚಿ, ಗದ್ದೆಪ್ಪನ ಚೀಟಿಯ ನಂಬರು ಕೇಳಿಕೊಂಡು, ಎಡಗೈಯ ಕಿರುಬೆರಳಿನಿಂದ ಕ್ಯೂ ಒತ್ತಿ ಇಂಗ್ಲಿಷ್ ಪುಟವನ್ನು ಕಳಿಸಿದಳು. ಉದ್ದ ಕೀಲಿಯನ್ನು ಹೆಬ್ಬೆರಳಿನಿಂದ ಹದಿನಾರು ಸಲ ಒತ್ತಿದಳು, ಒಂದು ಪುಟ ದಾಟಿಹೋದದ್ದಕ್ಕೆ ಬಿ ಒತ್ತಿದಳು.

"ಗದ್ದೆಪ್ಪ, ಕಲ್ಲೂರು. ಪಾಸ್ ಆಗ್ಯದ ನೋಡಪ್ಪಾ. ನೂರಕ್ಕ ಎಂಬತ್ತೊಂದು ಮೊಳಕಿ."

"ನಿನ್ನ ಹೊಟ್ಟಿ ತಣ್ಣಗಿರಲೇ ಯವ್ವಾ," ಎಂದು ಗದ್ದೆಪ್ಪ ಹೋದ.

ರಾಯರು ಸಾಹೇಬರ ಜೀಪಿನಲ್ಲಿ ಹೋಗಬಹುದೆಂದುಕೊಂಡಿದ್ದರು. ಯಾರೂ ಕರೆಯಲಿಲ್ಲ. ರೇಶ್ಮೆ ಬಟ್ಟೆಯನ್ನು ಮೇಜಿನ ಮೇಲೆ ಮರೆತು, ಬರೀ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ತಂತಿ ನೆಲಕ್ಕೆ ತಾಗುತ್ತಿತ್ತು. ಶೇಖಮ್ಮ ಬಾಗಿಲಲ್ಲಿ ನಿಂತು ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಒಂದು ಹೆಜ್ಜೆಯನ್ನೂ ಬಿಡಲಿಲ್ಲ.

"ಹೂಂ ಅಂದಿದ್ರ ಆಗ್ತಿತ್ತಲ್ಲ ಬೇಟಿ," ಎಂದ ಸತ್ತಾರ್ ಸಾಬ್. "ನೌಕರಿ ಬಾಗಲ ತನಕ ಬಂದಿತ್ತು."

"ಬಂದಿತ್ತು ಚಾಚಾ. ಅವರು ಕರಕೊಂಡು ಬಂದಿದ್ರು."

"ಯಾರು ಕರಕೊಂಡು ಬಂದ್ರೇನು? ಪಗಾರ ಪಗಾರೇ."

ಶೇಖಮ್ಮ ಬುತ್ತಿಯ ಗಂಟು ಬಿಚ್ಚುತ್ತ ಕೇಳಿದಳು, "ಅವರ ಮುಖ ನೋಡಿದ್ಯಾ, ನೀನೇ ಮಾಡೀ ಅನ್ನಾಗ?"

"ನೋಡಿದೆ."

"ಪೂರಾ ನೋಡಿದ್ಯಾ?"

"ಪೂರಾ ನೋಡಿದೆ ಮಾರಾಯ್ತಿ. ಊಟ ಮಾಡು ಇನ್ನ."

ಅಂದು ಅವಳು ತಂದಿದ್ದ ಎರಡೂ ರೊಟ್ಟಿ ತಿಂದು ಸತ್ತಾರ್ ಸಾಬನ ಡಬ್ಬಿಯಿಂದ ಇನ್ನೊಂದು ತೆಗೆದುಕೊಂಡಳು.

ಮೇ ತಿಂಗಳ ಎರಡನೆಯ ವಾರ ಆದೇಶ ಬಂತು. ವಿಠ್ಠಲರಾಯರನ್ನು ಗುಮಾಸ್ತನ ದರ್ಜೆಗೆ ಇಳಿಸಿ ದೇವದುರ್ಗ ಶಾಖೆಗೆ ಹಾಕಿದ್ದರು. ಯಾವ ಕಚೇರಿಯಲ್ಲೂ ಕೀಲಿಗಳನ್ನು ಬದಲಿಸಬಾರದೆಂದು ಬರೆದಿದ್ದರು. ಕಾಯಂ ಹುದ್ದೆ ರದ್ದಾಯಿತು. ಶೇಖಮ್ಮ ಮಾನ್ವಿಯಲ್ಲಿ ದಿನಗೂಲಿಯ ಮೇಲೆ ಮುಂದುವರಿದಳು.